ಮಡಚಲು ಬೇಕಾದ ಜಾಗ

ಜೂನ್ ಎರಡನೆಯ ವಾರ. ಹರಾಜಿಲ್ಲ.
ಬೈತಖೋಲದ ಧಕ್ಕೆಯಲ್ಲಿ ಬೋಟುಗಳು
ಭುಜಕ್ಕೆ ಭುಜ ಒತ್ತಿ ನಿಂತಿವೆ. ನಡುವಿನದೊಂದನ್ನು
ಹೊರಗೆಳೆಯಬೇಕೆಂದರೆ ಏಳರ ಹಗ್ಗ ಬಿಚ್ಚಬೇಕು.

ಸೊಸೈಟಿಯ ಸರ್ವರು ಐಸ್ ಪ್ಲಾಂಟಿನ ಮಗ್ಗುಲ ಕೋಣೆಯಲ್ಲಿದೆ.
ತಂಪು ಪುಕ್ಕಟೆ. ಉಪ್ಪೂ ಪುಕ್ಕಟೆ.
ಗುತ್ತಿಗೆಯವಳು ನಾನು, ಕೋಡಿಬಾಗದಿಂದ ಟೆಂಪೋದಲ್ಲಿ ಬರುತ್ತೇನೆ.
ಸಾವಿರ ಜಿಬಿಯ ಒಂದು ಪೆಟ್ಟಿಗೆ,
ಒಳಗೆ ಮೂರು ಯಂತ್ರ, ಮೂರೂ ಬರೀ ಕಡತ:
ಹರಾಜಿನದು, ಡೀಸೆಲ್ ಸಬ್ಸಿಡಿಯದು, ಸಂಬಳದ್ದು.
ಹರಾಜಿನದು ಉಬ್ಬಿದೆ.
ಒಳಗಿನ ಸರಕು ನೂರೈವತ್ತು,
ಹೊರಗಿಂದ ತೂಗಿದರೆ ನಾನೂರ ಹತ್ತು,
ಹಿಗ್ಗಲು ಪರವಾನಗಿ ಆರುನೂರರ ತನಕ.

"ಹಳೆಯದನ್ನೆಲ್ಲ ಅಳಿಸಿದ್ದೇವಲ್ಲ?"
ಬಾಗಿಲಲ್ಲಿ ಕೊಡೆ ಝಾಡಿಸುತ್ತ ಕಾರ್ಯದರ್ಶಿ ಪೆಡ್ನೇಕರ.

ಅಳಿಸಿದ್ದು ಹೌದು. ಹರಾಜು ಕಟ್ಟೆಯ ಕರಿಹಲಗೆ ನೋಡಿ ಅಂದೆ.
ಒಣ ಅಂಗೈಯಲ್ಲಿ ಒರೆಸಿದರೆ
ಇವತ್ತಿನ ಬಂಗುಡೆಯ ಬೆನ್ನಿಗೆ
ನಿನ್ನೆಯ ಇಸವಾಣದ ದರ ಮಂಕಾಗಿ ಕೂತೇ ಇರುತ್ತದೆ.
ಒದ್ದೆ ಬಟ್ಟೆ ಬೇಕು.
ಇಲ್ಲಿ ಒದ್ದೆ ಬಟ್ಟೆಯೆಂದರೆ ಸೊನ್ನೆ.
ಖಾಲಿ ಜಾಗದ ತುಂಬ ಸೊನ್ನೆ ಬರೆಯಬೇಕು
ಅದು ಖಾಲಿಯೆಂದು ನಂಬಿಸಲು.
ಬರೆದಷ್ಟೂ ಕಡತ ಊದಿಕೊಂಡು ಆರುನೂರು ಮುಟ್ಟುತ್ತದೆ.
ಆಮೇಲೆ ಅದರ ಮಗ್ಗುಲಿಗೇ ಚಿಕ್ಕ ಪ್ರತಿ, ನೂರೈವತ್ತರದು.
ಅದು ಎದ್ದು ನಡೆಯುವ ತನಕ
ದೊಡ್ಡದನ್ನು ಕೊಲ್ಲುವಂತಿಲ್ಲ.

"ಹೊಟ್ಟೆ ಇಳಿಸೋಕೆ ಮೊದಲು ಎರಡು ಊಟ ಮಾಡು
ಅಂದ ಹಾಗಾಯ್ತು" ಅಂದರು ಪೆಡ್ನೇಕರ.

ಶೆಡ್ಡಿನ ಕೆಳಗೆ ಬಲೆ ಹೆಣೆಯುತ್ತಿದ್ದ ಧರ್ಮಾ ತಾಂಡೇಲ
ಹಲ್ಲಲ್ಲಿ ಕಚ್ಚಿದ್ದ ದಾರ ಬಿಡದೆಯೇ ನುಡಿದ:
"ರಂಪಣಿ ಮಡಚ್ಬೇಕಾದ್ರೆ ರಂಪಣಿಯಷ್ಟುದ್ದ ದಂಡೆ ಬೇಕು, ಸಾಯ್ಬ್ರೆ.
ಕೋಣೇಲಿ ಮಡಚಿದ್ದು ಮಡಿಕೆ ಅಲ್ಲ, ಗಂಟು."

ಡೈರಿಯ ಹಿಂದಿನ ಪುಟದಲ್ಲಿ ನನ್ನ ಲೆಕ್ಕ:
ಉಬ್ಬಲು ನೂರ ತೊಂಬತ್ತು, ಪ್ರತಿಗೆ ನೂರೈವತ್ತು,
ಬೇಕಾದದ್ದು ಮುನ್ನೂರ ನಲವತ್ತು.
ಇರುವುದು ನೂರ ಎಪ್ಪತ್ತು.
ಅರ್ಧ ದಾರಿಯಲ್ಲಿ ಡಿಸ್ಕು ತುಂಬಿದರೆ
ಮೂರೂ ಯಂತ್ರ ಒಟ್ಟಿಗೆ ಉಸಿರು ಕಟ್ಟುತ್ತವೆ.
ಒಮ್ಮೆ ನೋಡಿದ್ದೇನೆ, ಬೇರೆ ಕಡೆ, ಬೇರೆಯವರ ಅವಸರದಲ್ಲಿ.
ಆ ಬೆಳಗ್ಗೆ ಯಾರೂ ನನ್ನನ್ನು ಬೈಯಲಿಲ್ಲ.
ಅದೇ ಕಷ್ಟವಾಗಿತ್ತು.

ಕಾಜುಬಾಗದ ಮದುವೆ ವಿಡಿಯೋದ ಇನಾಸ್
ಎರಡು ದಿನಕ್ಕೆ ಒಂದು ಹಾರ್ಡ್ ಡಿಸ್ಕ್ ಕೊಟ್ಟ.
ಯಾರದೋ ರೋಸ್, ಯಾರದೋ ಧಾರೆ ಅದರಲ್ಲಿ.
"ಅವನ್ನು ಮಾತ್ರ ಅಳಿಸಬೇಡ, ಇನ್ನೂ ದುಡ್ಡು ಬಂದಿಲ್ಲ."
ಆ ಮದುಮಕ್ಕಳ ಪಕ್ಕಕ್ಕೆ
ಡೀಸೆಲ್ಲಿನ ಇನ್ನೂರ ಹತ್ತನ್ನು ಸರಿಸಿಟ್ಟೆ.
ಏಳು ಹಗ್ಗದಲ್ಲಿ ಇದು ಒಂದು.

ರಾತ್ರಿ ಹನ್ನೊಂದಕ್ಕೆ ಸೊನ್ನೆ ಶುರು.
ನಾನೂರ ಐವತ್ತು. ಐನೂರು.
ಐಸ್ ಇಲ್ಲದ ಐಸ್ ಪ್ಲಾಂಟಿನಲ್ಲಿ ನೀರು ತೊಟ್ಟಿಕ್ಕುವ ಸದ್ದು.
ಈಗ ಮುಳುಗುತ್ತಿರುವುದು ಯಾವ ವರ್ಷ?
ನಾಲ್ಕು ವರ್ಷದ ಹಿಂದೆ ಗುಜರಿಗೆ ಹೋದ ಬೋಟಿನ ತೂಕಚೀಟಿಯೇ,
ಯಾರೋ ತಪ್ಪಾಗಿ ಬರೆದು ಅಳಿಸಿದ ಶಿಗಡಿಯೇ,
ತಿಳಿಯುವ ದಾರಿಯಿಲ್ಲ. ಪರದೆಯ ಮೇಲೆ
ಬರೀ ಶೇಕಡಾ.

ಆರುನೂರು. ಉಳಿದದ್ದು ನೂರ ತೊಂಬತ್ತು.
ಪ್ರತಿ ಮುಗಿದಾಗ ನಲವತ್ತು.
ನಲವತ್ತರ ಅಂಚಿನಲ್ಲಿ ಕೂತು ಚಹಾ ಕುಡಿದೆ.

ಬೆಳಿಗ್ಗೆ ಚಿಕ್ಕದು ಎದ್ದಿತು.
ಮೇ ಮೂವತ್ತೊಂದರ ಕೊನೆಯ ಹರಾಜು ತೆರೆದು ನೋಡಿದೆ:
ತಾರ್ಲೆ, ಹದಿನಾರು ಬುಟ್ಟಿ, ಕೊಂಡವಳು ಸುಲೋಚನಾ ಹರಿಕಂತ್ರ.
ಸರಿಯಿದೆ. ಆದರೂ ಒಂದು ಹಗಲು ಎರಡನ್ನೂ ಇಟ್ಟುಕೊಂಡೆ.
ದೊಡ್ಡದನ್ನು ತೆಗೆದದ್ದು ಮಬ್ಬುಗತ್ತಲಲ್ಲಿ,
ಡೀಸೆಲ್ಲು ಮನೆಗೆ ಬಂತು, ಇನಾಸನ ಮದುಮಕ್ಕಳು ಕಾಜುಬಾಗಕ್ಕೆ.

ಪೆಡ್ನೇಕರ ಕೇಳಿದರು: "ಖಾಲಿ ಎಷ್ಟಾಯ್ತು?
ಸಿಸಿಟಿವಿ ಹಾಕಿಸೋಣ ಅಂತ."
ಖಾಲಿಯಿದ್ದದ್ದು ನಾನೂರ ಮೂವತ್ತು.

ಹೊರಗೆ ಧರ್ಮಾ ಬಲೆಯ ತುದಿ ಹಿಡಿದ ಹುಡುಗನಿಗೆ ಕೂಗುತ್ತಿದ್ದ,
ಸರಿ ಹಿಂದೆ, ಇನ್ನೂ ಹಿಂದೆ, ನೀರು ಕಾಲಿಗೆ ಬಂದ್ರೂ ಸರಿ.

"ಎಂಬತ್ತು" ಅಂದೆ.